ತಲೆಯ ಮೇಲೆ ಹಳೆಯ ಪತ್ರಿಕೆಗಳು

ತುಂಬಿದ ಕೊಡವನ್ನು ಬದಿಗೆ ಸರಿಸಿ ಪದ್ಮಶ್ರೀ ಖಾಲಿ ಕೊಡವನ್ನು ನಳಕ್ಕೆ ಒಡ್ಡಿದಳು. ಸಾವಿನ ಮನೆಯೆಂದು ನಳದ ನೀರು ಕಾಯುವುದಿಲ್ಲ.

“ಬಿಡ ಪದ್ದಿ, ನಾ ತುಂಬತೇನಿ. ನೀ ಅಪ್ಪನ ಬಾಜೂಕ ಹೋಗಿ ಕುಂದರ,” ಎಂದರು ಪಕ್ಕದ ಮನೆಯ ರಾಧಾಬಾಯಿ.

“ಕುಂತ್ರ ಅಳು ಬರತೈತ್ರಿ ಮಾವಶಿ. ಈ ಕೆಲಸಾನ ಇರ್ಲಿ.”

ಒಳಗೆ ಪಡಸಾಲೆಯಲ್ಲಿ ಗುರುಪುತ್ರಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ವಾಲದಂತೆ ಗಲ್ಲದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದಿತ್ತು. ಬೆಳಗಾವಿಯ ಒಂದು ಶಾಖಾ ಗ್ರಂಥಾಲಯದ ಸಿಪಾಯಿ ಅವನು. ದಿನವೂ ಖಾನಾಪುರದಿಂದ ಬಸ್ಸು ಹಿಡಿದು ಹೋಗಿ, ಬಾಗಿಲು ತೆರೆದು, ಕಸ ಹೊಡೆದು, ಪೇಪರು ಹರವಿ, ಟಪಾಲು ಒಯ್ದು, ಸಂಜೆ ಕೀಲಿ ಹಾಕಿ ಬರುವುದು. ಆಯುಷ್ಯವೆಲ್ಲ ಅಷ್ಟೇ. ನಿನ್ನೆ ಗ್ರಂಥಾಲಯದ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದವನು ಒಂದರ ಮೇಲೆ ಕೂತ. ಮತ್ತೆ ಏಳಲಿಲ್ಲ.

ಕುರ್ಚಿಗಳು ನಾಳೆಯ ಸಾಹಿತ್ಯೋತ್ಸವಕ್ಕೆ. ನಗರದ ಎಲ್ಲ ಸಾರ್ವಜನಿಕ ಗ್ರಂಥಾಲಯಗಳಲ್ಲೂ ಅಂದು ಗೋಷ್ಠಿಗಳು. ಅವನ ಗ್ರಂಥಾಲಯದಲ್ಲಿ ಶಾಲೆಯ ಮಕ್ಕಳ ಮುಂದೆ ಕವಿತೆ ಓದುವವರಲ್ಲಿ ಪದ್ಮಶ್ರೀಯೂ ಇದ್ದಳು. ಆಮಂತ್ರಣದಲ್ಲಿ ಅವಳ ಹೆಸರು ಎಲ್ಲರಿಗಿಂತ ಕೆಳಗೆ, ಆದರೆ ಅಚ್ಚಾಗಿತ್ತು.

“ನಾಳಿ ಓದೂದು ಹೋತಲ್ಲ ಪೋರಿ,” ರಾಧಾಬಾಯಿ ಲೊಚಗುಟ್ಟಿದರು. “ನಮ್ಮಲ್ಲೆ ಆದ್ರ ಹತ್ತ ದಿವಸ ಸುತಕ.”

ಬಾಗಿಲಲ್ಲಿ ವಿಭೂತಿ ಗಟ್ಟಿ ಜೋಡಿಸುತ್ತಿದ್ದ ಅಯ್ಯನವರು, ಬಸಯ್ಯ, ತಲೆ ಎತ್ತಿದರು. “ನಮಗ ಸೂತಕ ಇಲ್ರೀ ಬಾಯಾರ. ಲಿಂಗ ಕಟ್ಟಿದವ್ರಿಗೆ ಎಲ್ಲೀ ಸೂತಕ? ನಾಳಿ ಯಾಕ, ಇವತ್ತ ಸಂಜೀಕ ಬೇಕಾದ್ರೂ ಓದ್ಲಿ.”

ಪದ್ಮಶ್ರೀ ನಳ ಬಂದ್ ಮಾಡಿದಳು. ಸೂತಕವೆಂಬುದು ಇದ್ದಿದ್ದರೆ ಅದರ ಮರೆಯಲ್ಲಿ ಸುಮ್ಮನೆ ಮನೆಯಲ್ಲಿ ಕೂತುಬಿಡಬಹುದಿತ್ತು.

*

ಮಳೆಗಾಲದಲ್ಲಿ ಆ ಹಾಲ್‌ನ ತೊಲೆ ಬಿರುಕು ಬಿಟ್ಟಿತ್ತು. ಗ್ರಂಥಪಾಲಕರಾದ ದಿಗಂಬರ ಸರ್ ಕಟ್ಟಡ ತಪಾಸಣೆ ಮಾಡಿಸಬೇಕು, ಅಲ್ಲಿಯವರೆಗೆ ಹಾಲ್ ಮುಚ್ಚಿಡಲು ಅಪ್ಪಣೆ ಕೊಡಬೇಕು ಎಂದು ಮೇಲಿನ ಕಚೇರಿಗೆ ಪತ್ರ ಬರೆದು, ಸಹಿ ಹಾಕಿ ಗುರುಪುತ್ರಪ್ಪನ ಕೈಗೆ ಕೊಟ್ಟರು. ಅದೇ ವಾರ ಉತ್ಸವದ ಸುದ್ದಿ ಬಂತು. ಓದುವವರಲ್ಲಿ ಮಗಳ ಹೆಸರೂ ಬಂತು.

ಆ ಸಂಜೆ ಅವನು ಟಪಾಲಿನ ಚೀಲವನ್ನು ಗೂಟಕ್ಕೆ ತೂಗುಹಾಕಿ ಅಂದಿದ್ದ: “ಈ ಪತ್ರ ಕೊಟ್ಟೆ ಅಂದ್ರ ನಾಳೀನ ಕೀಲಿ ಬೀಳತೈತಿ. ನಾ ಕಸಾ ಹೊಡದ ಜಾಗಾದಾಗ ನೀ ನಿಂತ ಓದೂದು ನಾ ನೋಡಬಾರ್ದೇನ? ನಿಂದು ಮುಗೀಲಿ. ಮರದಿನಾನ ಒಯ್ದ ಕೊಡ್ತೇನಿ.”

“ಬಿದ್ದಗಿದ್ದೀತಪಾ.”

“ಹುಚ್ಚಿ. ಅದು ನಿನಗಿಂತ ಗಟ್ಟಿ ಐತಿ.”

ಅವಳು ನಕ್ಕಿದ್ದಳು. ಆಮೇಲೆ ಅವನೂ ಆ ಮಾತು ತೆಗೆಯಲಿಲ್ಲ, ಅವಳೂ ಕೇಳಲಿಲ್ಲ.

*

ಕೊನೆಯ ಸ್ನಾನಕ್ಕೆ ತಲೆಗೆ ನೀರೆರೆಯುವಾಗ ಚಂದ್ರವ್ವನ ಕೈ ನಿಂತಿತು. ಗಂಡನ ಕೂದಲೊಳಗಿಂದ ಬಿಳಿಯದೇನನ್ನೋ ಬಿಡಿಸಿ ಅಂಗೈಯಲ್ಲಿ ತಿಕ್ಕಿ ನೋಡಿದಳು.

“ಇದ ವಿಭೂತಿ ಅಲ್ಲ. ಗರಸ ಐತಿ. ಸುಣ್ಣದ ಹಕ್ಕಳಿ. ಇಷ್ಟ ಎಲ್ಲಿಂದ ಬಂತ ತಲಿಯಾಗ?”

ಬೆಳಗಾವಿಯಿಂದ ಆಗತಾನೇ ಬಂದು ನಿಂತಿದ್ದ ದಿಗಂಬರ ಸರ್ ಉತ್ತರಿಸಿದರು. “ಹಾಲ್‌ನ್ಯಾಗ ಮ್ಯಾಲಿಂದ ಉದರ್ತದ ಅವ್ವಾರ, ಹಳೇ ಕಟ್ಟಡ. ಕುರ್ಚಿಗೆ ಜಾಗಾ ಬೇಕಂತ ಹಳೇ ಪೇಪರಿನ ಬೈಂಡು ಅಷ್ಟೂ ಮ್ಯಾಲಿನ ಖೋಲಿಗೆ ಹಾಕಸಿದ್ವಿ. ಭಾಳ ವಜ್ಜಾ. ಗುರುಪುತ್ರಪ್ಪ ಮೊದಲ ಬ್ಯಾಡಂದಾ, ಆಮ್ಯಾಲೆ ತಾನ ಹೊತ್ತಾ.”

“ಆ ತೊಲಿ ಮ್ಯಾಲ?” ಪದ್ಮಶ್ರೀ ಕೇಳಿದಳು.

“ತೊಲೀದು ಆವಾಗ ಬರದ ಕಳಸೀನಲ್ಲವಾ. ಬೀಳೂ ಧೋಕಾ ಇದ್ದಿದ್ರ ಅವ್ರು ಸುಮ್ನ ಬಿಡತಿದ್ರೇನು? ಉತ್ತರಾನ ಬರಲಿಲ್ಲ. ಅಂದ್ರ ಏನೂ ಆಗೂದಿಲ್ಲ ಅಂತ ಅರ್ಥ.”

ಚಂದ್ರವ್ವ ಮತ್ತೆ ನೀರು ಹೊಯ್ದಳು. ಬಿಳಿಯ ಚೂರುಗಳು ಅಪ್ಪನ ಹಣೆಯ ಮೇಲೆ ಇಳಿದು ಬಂದವು.

*

ಹೂವಿನ ವಿಮಾನದಲ್ಲಿ ಕೂತು ಗುರುಪುತ್ರಪ್ಪ ಓಣಿ ದಾಟಿದ. ಮುಂದೆ ಭಜನೆಯವರು, ಹಿಂದೆ ಊರಿನವರು. ರುದ್ರಭೂಮಿಯಲ್ಲಿ ಕುಣಿ ತೋಡಿದ್ದ ರಾಮಲಿಂಗ ಸಲಿಕೆ ಎತ್ತಿ ಕೂಗಿದ: “ದಂಡಿಗೆ ನಿಲ್ಲಬ್ಯಾಡ್ರಿ! ಮಣ್ಣ ಸಡಲ ಐತಿ, ಕುಸೀತೈತಿ!”

ಒಂದು ಮಾತಿಗೆ ಎಲ್ಲರೂ ದಡಬಡ ಹಿಂದೆ ಸರಿದರು. ಏಕೆ, ಏನು ಎಂದು ಯಾರೂ ಕೇಳಲಿಲ್ಲ. ಪದ್ಮಶ್ರೀ ಆ ಖಾಲಿಯಾದ ದಂಡೆಯನ್ನೇ ನೋಡುತ್ತ ನಿಂತಳು.

ಬಸಯ್ಯನವರು ಕುಣಿಯೊಳಗಿನ ಗೂಡಿನಲ್ಲಿ ಅವನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ, ಪತ್ರಿ ತುಂಬಿಸಿದರು. ಮಣ್ಣು ಬಿದ್ದ ಮೇಲೆ ದಿಗಂಬರ ಸರ್ ಮಾತಾಡಿದರು.

“ಒಂದು ಟಪಾಲು ತಪ್ಪಿಸಿದ ಮನಷ್ಯಾ ಅಲ್ಲ ಇಂವಾ. ನಾಳಿನ ವೇದಿಕೆಗೆ ಇವನ ಹೆಸರ ಇಡ್ತೀವಿ. ಮಗಳು ಓದ್ತಾಳ.”

ಮಂದಿ ತಲೆದೂಗಿದರು. ಜನ ಚದುರುವಾಗ ಪದ್ಮಶ್ರೀ ಅವರನ್ನು ಬೇವಿನ ಗಿಡದ ಕಡೆ ಕರೆದಳು.

“ಸರ್, ಆ ಪತ್ರ ಹೋಗಿಲ್ರಿ. ಅಪ್ಪ ಕೊಟ್ಟಿಲ್ಲ. ನನಗ ಗೊತ್ತಿತ್ತು.”

ಸರ್ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

“ನಾಳಿಂದು ನಿಲ್ಲಸ್ರಿ ಸರ್.”

“ಹೆಂಗ ನಿಲ್ಲಸ್ಲಿ? ಮಕ್ಕಳಿಗೆ ಬಸ್ ಹೇಳ್ಯಾರ. ಈಗ ಪತ್ರ ತೋರಿಸಿದ್ರ ನಾ ಕಳಿಸೇ ಇಲ್ಲ ಅಂತಾರ. ಇಲ್ಲಾ ನಾ ನಿಮ್ಮಪ್ಪನ ಹೆಸರ ಹೇಳಬೇಕು. ಮಣ್ಣ ಇನ್ನೂ ಹಸಿ ಅದ ತಾಯಿ.” ದನಿ ತಗ್ಗಿಸಿದರು. “ಇಷ್ಟ ದಿನ ನಿಂತದ, ಇನ್ನೊಂದ ದಿನ ನಿಲ್ಲೂದಿಲ್ಲೇನು? ನಿಂದೂ ಓದಿ ಮುಗೀಲಿ. ಮರದಿನಾನ ನಾ ಒಯ್ದ ಕೊಡ್ತೀನಿ.”

ಅಪ್ಪನೂ ಇದನ್ನೇ ಹೇಳಿದ್ದ; ಆಗ ಅವಳು ನಕ್ಕು ಬಿಟ್ಟಿದ್ದಳು.

*

ಮನೆಗೆ ಬಂದವಳೇ ಪದ್ಮಶ್ರೀ ಗೂಟದ ಚೀಲ ಇಳಿಸಿದಳು. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಚಂದ್ರವ್ವ ತಿರುಗಿದಳು.

“ಏನ ಹುಡುಕಾಕ ಹತ್ತೀ?”

ಪದ್ಮಶ್ರೀ ಹೇಳಿದಳು, ಏನನ್ನೂ ಬಿಡದೆ. “ಇದ ಹೊರಗ ಬಿದ್ರ ಅಪ್ಪಗ ಬೈತಾರವಾ.”

ಚಂದ್ರವ್ವ ದೀಪವನ್ನೇ ನೋಡಿದಳು. “ಬೈಲಿ. ಅಂವಗೇನ್ ಇನ್ನ ಕೇಳತೈತೇನ? ಕಳಸ.”

ಪದ್ಮಶ್ರೀ ಮೇಲಿನ ಕಚೇರಿಗೆ ಫೋನು ಹಚ್ಚಿದಳು; ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಅವಳು ಚೀಲದಲ್ಲಿದ್ದ ಪತ್ರವನ್ನು ನೆಲದ ಮೇಲೆ ಬಿಡಿಸಿ ಫೋಟೋ ತೆಗೆದಳು. ಉತ್ಸವದ ವಾಟ್ಸಾಪ್ ಗುಂಪಿನಲ್ಲಿ ಕವಿಗಳಿದ್ದರು, ಶಾಲೆಯ ಮಾಸ್ತರರಿದ್ದರು, ಮೇಲಿನ ಕಚೇರಿಯ ಸಾಹೇಬರಿದ್ದರು. ಬೆಳಗಿನಿಂದ ಅಲ್ಲೆಲ್ಲ ಅಪ್ಪನ ಫೋಟೋ, ಅದರ ಕೆಳಗೆ ಸಂತಾಪ. ಪದ್ಮಶ್ರೀ ಪತ್ರವನ್ನು ಹಾಕಿ, ಕೆಳಗೆ ಬರೆದಳು: “ನಾಳೆ ಮಕ್ಕಳು ಕೂರುವ ಹಾಲ್ ಇದು. ನಮ್ಮ ತಂದೆ ಈ ಪತ್ರ ಕೊಡದೆ ಇಟ್ಟುಕೊಂಡಿದ್ದರು. ದಯವಿಟ್ಟು ಓದಿರಿ.”

ಪತ್ರ ಹೋಯಿತು.

ಹೊರಗೆ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದ ದಿಗಂಬರ ಸರ್ ಫೋನು ನೋಡಿದರು. ನೋಡಿ, ಅದನ್ನು ಬೋರಲು ಇಟ್ಟರು.

ಒಳಗೆ ಅವಳ ಕೈಯಲ್ಲಿ ಮೊದಲ ಉತ್ತರ ಮಿಣುಕಿತು: ಓಂ ಶಾಂತಿ. ಅದರ ಹಿಂದೆ ಒಬ್ಬ ಮಾಸ್ತರರ ಗುಲಾಬಿ ಹೂವು. ಆಮೇಲೆ ಮುಗಿದ ಕೈಗಳು, ಮತ್ತೆ ಮುಗಿದ ಕೈಗಳು. ಒಂದರ ಕೆಳಗೊಂದು ಬರುತ್ತ ಅವು ಪತ್ರವನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ, ಪರದೆಯಿಂದ ಆಚೆಗೆ ತಳ್ಳುತ್ತಿದ್ದವು.