ಎಸಿ ಆದ ಲೋಕಲ್

ಶಿವಕುಮಾರಿಯ ಮನೆಯಲ್ಲಿ ಕನ್ನಡ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಅಪ್ಪ ಅಮ್ಮ ತೀರಿಹೋಗಿದ್ದರು. ಕಾಂದಿವಲಿಯ ಚಾಳಿನಲ್ಲಿ ಜೊತೆಗಿದ್ದ ತಮ್ಮ ಅನಿಲಕುಮಾರ, ಅವಳು ತಾನು ಬರೆದ ಕಥೆ ಓದತೊಡಗಿದರೆ ಎರಡನೇ ಸಾಲಿಗೇ "ಮಸ್ತ್ ಹೈ, ಅಕ್ಕಾ" ಎಂದು ಮೊಬೈಲಿಗೆ ಮುಖ ಹಾಕುತ್ತಿದ್ದ.

ಅವಳ ಕಥೆಗೆ ಕಿವಿಗಳಿದ್ದದ್ದು ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ಬೊರಿವಲಿಯಿಂದ ಹೊರಡುವ ಗಾಡಿಯಾದ್ದರಿಂದ ಕಾಂದಿವಲಿಯಲ್ಲಿ ಸೀಟು ಸಿಗುತ್ತಿತ್ತು. ಫೋರ್ಟ್‌ನ ವಕೀಲರ ಆಫೀಸಿನಲ್ಲಿ ಟೈಪ್ ಮಾಡುವ ಶಿವಕುಮಾರಿ, ಅಲ್ಲೇ ಬ್ಯಾಂಕಿನಲ್ಲಿ ಕಸ ಗುಡಿಸುವ ವಿಜಯಪುರದ ಕಸ್ತೂರಿಬಾಯಿ, ಟಿಕೆಟ್ ಏಜೆನ್ಸಿಯಲ್ಲಿ ಕೆಲಸಕ್ಕಿದ್ದ ಉಡುಪಿಯ ಶೀಲಾವತಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಚರ್ಚ್‌ಗೇಟ್ ಬರುವಷ್ಟರಲ್ಲಿ ಹಿಂದಿನ ದಿನ ಬರೆದದ್ದನ್ನು ಓದಿ, ಬೈಸಿಕೊಂಡು ಮುಗಿಯುತ್ತಿತ್ತು.

"ಈ ಕಥಿಯೊಳಗಿನ ಅತ್ತಿ ಯಾವ ಊರಾಕಿ? ಸೊಸಿಗೆ 'ದಯವಿಟ್ಟು ಹೊರಟುಹೋಗು' ಅಂತಾಳ?" ಎಂದಳು ಕಸ್ತೂರಿಬಾಯಿ. "ನಮ್ಮತ್ತಿ ಆಗಿದ್ರ ಮಾತಿಗಿಂತ ಮೊದಲ ಲಟ್ಟಣಿಗಿ ಬರ್ತಿತ್ತು."

"ಹೌದು ಮಾರಾಯ್ತಿ," ಶೀಲಾವತಿ ನಕ್ಕಳು. "ಇವಳ ಅತ್ತೆ ಪೋಸ್ಟ್ ಆಫೀಸಿನವಳ ಹಾಗೆ ಮಾತಾಡುವುದು. ಮತ್ತೆ ಸೊಸೆ ಯಾಕೆ ಅಳುವುದು? ಅವಳಿಗೆ ಸಿಟ್ಟು ಬರುವುದಿಲ್ವಾ?"

ಶಿವಕುಮಾರಿ ಮುಖ ಊದಿಸಿಕೊಂಡೇ ತಿದ್ದುತ್ತಿದ್ದಳು. ತಿದ್ದಿದ ಮೇಲೆ ಅತ್ತೆ ಅತ್ತೆಯಂತೆ ಬೈಯುತ್ತಿದ್ದಳು. ಒಂದು ಮಾಸಪತ್ರಿಕೆಯವರು ತಿಂಗಳ ಕೊನೆಯೊಳಗೆ ಕಥೆ ಕಳಿಸಿ ಎಂದಿದ್ದರು. ಅತ್ತೆ ಸೊಸೆಯರ ಕೊನೆಯ ಜಗಳವೊಂದೇ ಬಾಕಿಯಿತ್ತು.

ಅಷ್ಟರಲ್ಲಿ ಆ ಲೋಕಲ್ ಎಸಿ ಆಯಿತು. ಅದರ ಪಾಸು ಮೂವರ ಸಂಬಳಕ್ಕೂ ಒಗ್ಗುವಂಥದ್ದಲ್ಲ. ಬ್ಯಾಂಕು ತೆರೆಯುವ ಮೊದಲೇ ಮುಟ್ಟಬೇಕಾದ ಕಸ್ತೂರಿಬಾಯಿ ಮುಂಚಿನ ಗಾಡಿ ಹಿಡಿದಳು. ಮಗಳನ್ನು ಶಾಲೆಗೆ ಕಳಿಸಬೇಕಾದ ಶೀಲಾವತಿ ಆಮೇಲಿನದಕ್ಕೆ ಬಿದ್ದಳು.

ಶಿವಕುಮಾರಿ ಒಂದು ದಿನ ಕಸ್ತೂರಿಬಾಯಿಯ ಗಾಡಿಗೇ ಹತ್ತಿದಳು. ವಿರಾರಿನಿಂದಲೇ ತುಂಬಿ ಬಂದ ಗಾಡಿ. ಹಾಳೆ ಬಿಡಿಸಲು ಕೈ ಎತ್ತಲಾಗಲಿಲ್ಲ. ನಾಲ್ಕಾರು ತಲೆಗಳ ಆಚೆಯಿಂದ ಕಸ್ತೂರಿಬಾಯಿ ಕೂಗಿದಳು: "ಆ ಸೊಸಿ ಏನಂದಳ?" ಉತ್ತರ ಕೊಡುವಷ್ಟರಲ್ಲಿ ಯಾರೋ "ಆಗೇ ಬಢೋ" ಎಂದು ತಳ್ಳಿದರು. ಕಸ್ತೂರಿಬಾಯಿಗೆ ಫೋನ್ ಮಾಡಿದರೆ, "ಸಾಹೇಬ್ರು ಬಂದ್ರು, ಇಡ್ತೀನವಾ." "ಸಂಡೇ ಕೇಳ್ತೇನೆ" ಎಂದಿದ್ದ ಶೀಲಾವತಿ ಭಾನುವಾರ ಫೋನ್ ಎತ್ತಲೇ ಇಲ್ಲ.

ಕೊನೆಗೆ ಒಬ್ಬಳೇ ಕೂತು ಜಗಳ ಬರೆದಳು. ಅತ್ತೆ ಮತ್ತೆ ಪುಸ್ತಕದ ಭಾಷೆಯಲ್ಲೇ ಮಾತಾಡಿದಳು. ತಪ್ಪು ಅಂತ ಗೊತ್ತಾಗುತ್ತಿತ್ತು. ಸರಿ ಯಾವುದೆಂದು ಹೊಳೆಯುತ್ತಿರಲಿಲ್ಲ. ಗಟ್ಟಿಯಾಗಿ ಓದಿ ನೋಡಿದಳು. ತಮ್ಮ ಇಯರ್‌ಫೋನ್ ಹಾಕಿಕೊಂಡ. ಹೊಡೆದುಹಾಕಿ ಮತ್ತೆ ಬರೆದಳು, ಮತ್ತೆ ಅದೇ ಬಂತು. ತಿಂಗಳು ಮುಗಿಯಿತು, ಕಥೆ ಕಳಿಸಲಾಗಲಿಲ್ಲ.

ಹೋದದ್ದು ಇಬ್ಬರು ಕೇಳುವವರು, ಒಂದು ಕಥೆ.