ಥಾಯ್ ಸೀರಿಯಲ್‌ನ ಅಣ್ಣ

“ಕಣ್ಣಿಲ್ಲದವನ ಕಿವಿ ಮೇಲೆ ಹೂವಿಡ್ತೀಯಾ? ಮೂರು ವಾರ! ಮೂರು ವಾರದಿಂದ ನನ್ನ ಪಕ್ಕದಲ್ಲೇ ಕೂತ್ಕೊಂಡು ಬರೀ ಸುಳ್ಳು ಓದಿದ್ದೀಯ!”

ಅಮರೇಶ್ವರ ಸೋಫಾದ ಕೈಯನ್ನು ಗುದ್ದಿದ ರಭಸಕ್ಕೆ ರಿಮೋಟು ಕೆಳಗೆ ಬಿತ್ತು.

“ಸಾರ್, ಮೆಲ್ಲಗೆ ಮಾತಾಡಿ. ಹಂಸಿನಿ ಮಹಡಿಯಲ್ಲಿ ಮೀಟಿಂಗ್‌ನಲ್ಲಿದ್ದಾಳೆ,” ಎಂದಳು ತ್ರಿಪುರಸುಂದರಿ.

“ಅವಳಿಂದಾನೇ ನನಗೆ ಗೊತ್ತಾಗಿದ್ದು! ಬೆಳಿಗ್ಗೆ ಕಾಫಿ ಕುಡೀತಾ ನಕ್ಕಳು. ಟೀವೀಲಿ ಅವರಿಬ್ಬರೂ ತಬ್ಕೊಂಡು ಮುತ್ತು ಕೊಡ್ತಾ ಇದ್ರೆ, ಆಂಟಿ ಮಾತ್ರ ‘ಅಣ್ಣಾ, ಊಟ ಆಯ್ತಾ’ ಅಂತ ಓದ್ತಾರೆ ಅಪ್ಪಾ, ಸೋ ಫನ್ನಿ ಅಂದ್ಳು. ನನ್ನ ಮನೇಲಿ ನಾನೇ ಕೋಡಂಗಿ!”

ಆಕೆ ಬಗ್ಗಿ ರಿಮೋಟು ತೆಗೆದು ಟೀಪಾಯಿಯ ಮೇಲಿಟ್ಟ ಸದ್ದು ಕೇಳಿಸಿತು.

ಅಮರೇಶ್ವರ ಇಪ್ಪತ್ತು ವರ್ಷ ನ್ಯೂಯಾರ್ಕಿನ ಹತ್ತಿರದ ಸೀಕಾಕಸ್‌ನ ಗೋಡೌನೊಂದರಲ್ಲಿ ಸೂಪರ್‌ವೈಸರ್ ಆಗಿದ್ದವನು. ಅಲ್ಲಿ ಲಾರಿಗಳ ಸದ್ದನ್ನೂ ಮೀರಿಸಿ ಕೂಗಾಡಿ ರೂಢಿಯಾಗಿತ್ತು. ಹೆಂಡತಿ ತೀರಿಕೊಂಡು ಆರು ವರ್ಷ. ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತಿಂದುಹಾಕಿ ಎರಡು ವರ್ಷ. ಮಗಳು ಹಂಸಿನಿ ಎಡಿಸನ್ನಿನ ಈ ಮನೆಯಿಂದ ನ್ಯೂಯಾರ್ಕಿಗೆ ಕೆಲಸಕ್ಕೆ ಓಡಾಡುತ್ತಾಳೆ. ಬುಧವಾರ ಮಾತ್ರ ಮನೆಯಿಂದಲೇ ಕೆಲಸ. ಅವನನ್ನು ನೋಡಿಕೊಳ್ಳಲು ಏಜೆನ್ಸಿಯವರು ಕಳಿಸಿದ ಹೆಂಗಸರಲ್ಲಿ ಮೂವರು ಅವನ ಬಾಯಿಗೆ ಹೆದರಿ ಬಿಟ್ಟುಹೋದರು. ನಾಲ್ಕನೆಯವಳಾಗಿ ಬಂದ ತ್ರಿಪುರಸುಂದರಿ ಎಂಟು ತಿಂಗಳಿಂದ ನಿಂತಿದ್ದಳು. ಹಾಸನದ ಕಡೆ ಟೀಚರಾಗಿದ್ದವಳು. ಅವಳ ಗಂಡ ಶ್ರೀಕರ್ ದಿನಾ ಎಂಟೂವರೆಗೆ ಸಮರ್‌ಸೆಟ್‌ನಿಂದ ಕರೆತಂದು ಬಿಟ್ಟು, ಬಾಗಿಲಲ್ಲೇ ನಿಂತು “ಗುಡ್ ಮಾರ್ನಿಂಗ್ ಸಾರ್, ಶುಗರ್ ಹೇಗಿದೆ?” ಎಂದು ಕೇಳಿ ಆಫೀಸಿಗೆ ಹೋಗುತ್ತಿದ್ದ.

ಆ ಥಾಯ್ ಸೀರಿಯಲ್ ಹುಡುಕಿದವಳೂ ಆಕೆಯೇ. ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಶ್ರೀಮಂತ, ಅವನನ್ನು ನೋಡಿಕೊಳ್ಳಲು ಬಂದ ಬಡ ಹುಡುಗಿ. ಮಾತೆಲ್ಲ ಥಾಯ್ ಭಾಷೆಯಲ್ಲಿ, ಕೆಳಗೆ ಇಂಗ್ಲಿಷ್ ಅಕ್ಷರ. ಮಧ್ಯಾಹ್ನ ಊಟವಾದ ಮೇಲೆ ಆಕೆ ಅದನ್ನು ನೋಡಿ ನೋಡಿ ಕನ್ನಡದಲ್ಲಿ ಹೇಳುತ್ತಿದ್ದಳು. ಕುರುಡನ ತಾಯಿಗೆ ಗಡಸು ದನಿ, ಹುಡುಗಿಗೆ ಮೆದು ದನಿ. ಅಮರೇಶ್ವರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಮೂರು ವಾರದ ಹಿಂದೆ ಇದ್ದಕ್ಕಿದ್ದಂತೆ ಆ ಹುಡುಗಿ ಕುರುಡನನ್ನು ಅಣ್ಣಾ ಎನ್ನತೊಡಗಿದಳು. ಪ್ರೀತಿಯ ಮಾತೆಲ್ಲ ನಿಂತುಹೋಗಿ ಊಟ, ಔಷಧಿ, ರಾಖಿ ಹಬ್ಬದ ಮಾತು ಶುರುವಾಯಿತು. ಬ್ಯಾಂಕಾಕಿನಲ್ಲಿ ರಾಖಿ ಎಲ್ಲಿಂದ ಬಂತು ಎಂದು ಅವನಿಗೆ ಹೊಳೆಯಲಿಲ್ಲ. ‘ಥೂ, ಒಳ್ಳೆ ಕಥೆ ಕೆಡಿಸಿಬಿಟ್ರು’ ಎಂದು ಬೈದುಕೊಂಡೇ ಕೇಳಿದ್ದ.

ಮೆಟ್ಟಿಲಲ್ಲಿ ಹಂಸಿನಿಯ ಹೆಜ್ಜೆ ಕೇಳಿಸಿತು. “ಡ್ಯಾಡ್! ಐ ಆ್ಯಮ್ ಆನ್ ಎ ಕಾಲ್! ಯಾಕೆ ಹಿಂಗೆ ಕಿರುಚ್ತಾ ಇದ್ದೀರಾ? ಇಟ್ ವಾಸ್ ಜಸ್ಟ್ ಎ ಜೋಕ್.”

“ನಿನಗೆ ಜೋಕು. ಬಾ ಇಲ್ಲಿ, ಸರಿಯಾದ ಹೊತ್ತಿಗೆ ಬಂದೆ. ಹೇಳಮ್ಮಾ ಟೀಚರಮ್ಮಾ, ಯಾಕೆ ಸುಳ್ಳು ಓದಿದೆ? ಇವಳ ಮುಂದೇನೇ ಹೇಳು.”

“ಬೇಡ ಸಾರ್. ನನ್ನದೇ ತಪ್ಪು ಅಂದ್ಕೊಳ್ಳಿ. ಇಲ್ಲಿಗೆ ಬಿಟ್ಬಿಡಿ.”

ಆಗಲೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಒಮ್ಮೆ ಎತ್ತಿದ ದನಿಯನ್ನು ಇಳಿಸಿ ಗೊತ್ತಿದ್ದ ಮನುಷ್ಯನೇ ಅಲ್ಲ ಅವನು.

“ಬಿಡಲ್ಲ. ಹೇಳು! ಕುರುಡನಿಗೆ ಏನು ಗೊತ್ತಾಗುತ್ತೆ ಅಂತ ತಾನೇ?”



“ಅವತ್ತು ಗುರುವಾರ ನಿಮಗೆ ಕಣ್ಣಿಗೆ ಡ್ರಾಪ್ಸ್ ಹಾಕ್ತಿದ್ದೆ,” ಎಂದಳು ಆಕೆ. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. “ನನ್ನ ಕೈ ಹಿಡ್ಕೊಂಡ್ರಿ. ಬಿಡಿ ಸಾರ್ ಅಂದೆ, ಬಿಡ್ಲಿಲ್ಲ. ಹಿಂದಿನ ದಿನ ಆ ಸೀರಿಯಲ್‌ನೋನು ಹೇಳಿದ ಮಾತನ್ನೇ ನನಗೆ ಹೇಳಿದ್ರಿ. ಮಾರನೇ ದಿನದಿಂದ ಆ ಹುಡುಗಿ ಬಾಯಲ್ಲಿ ಅಣ್ಣಾ ಅನ್ನಿಸಿದೆ. ನೇರವಾಗಿ ಹೇಳಿದ್ರೆ ನಿಮ್ಮ ಮಾನ ಹೋಗುತ್ತೆ, ನೀವಾಗೇ ಅರ್ಥ ಮಾಡ್ಕೊಳ್ಳಲಿ ಅಂತ.”



ಆ ಗುರುವಾರ ಅಮರೇಶ್ವರನಿಗೆ ಚೆನ್ನಾಗಿ ನೆನಪಿತ್ತು. ‘ನೀನು ಬಂದ ಮೇಲೆ ನನಗೆ ಕಣ್ಣು ಬಂದಂಗಾಯ್ತು’ ಎಂದಿದ್ದ. ಆಕೆ ಕೈ ಬಿಡಿಸಿಕೊಂಡು, ಒಲೆಯ ಮೇಲೆ ಅನ್ನ ಇದೆ ಎಂದು ಎದ್ದುಹೋಗಿದ್ದಳು. ನಾಚಿಕೆ ಇರಬೇಕು ಎಂದುಕೊಂಡಿದ್ದ! ಹಾಗೆಂದುಕೊಂಡು ಇಸ್ತ್ರಿ ಮಾಡಿದ ಶರ್ಟು ಕೇಳಿ ಹಾಕಿಕೊಂಡ. ಮಗಳಿಗೆ ಹೇಳಿ ಸೆಂಟು ತರಿಸಿದ. ಆ ಸೆಂಟು ಪೂಸಿಕೊಂಡು, ಬಾಗಿಲಲ್ಲಿ ನಿಂತ ಶ್ರೀಕರ್‌ಗೆ “ಶುಗರ್ ಕಂಟ್ರೋಲಲ್ಲಿದೆ ಕಣಯ್ಯಾ” ಎಂದು ನಗುನಗುತ್ತಾ ಉತ್ತರ ಕೊಟ್ಟಿದ್ದ. ಐವತ್ತೆಂಟರ ಮುದಿಗೂಬೆ. ಇದೆಲ್ಲ ಈಗ ಸಾಲಾಗಿ ಬಂದು ಅವನ ಮುಖಕ್ಕೆ ಉಗಿಯಿತು. ಕಥೆ ಕೇಳಿ ಕೆಟ್ಟೆ ಎಂದುಕೊಳ್ಳಲು ನೋಡಿದ. ಆದರೆ ಹುಡುಗಿ ಬೇಡ ಎಂದಾಗ ಕಥೆಯ ಕುರುಡ ಕೈ ಬಿಟ್ಟಿದ್ದ.

“ಡ್ಯಾಡ್?” ಎಂದಳು ಹಂಸಿನಿ. ಅಷ್ಟೇ. ಆ ಒಂದು ಮಾತಿನಲ್ಲಿ ಮಗಳು ಎಷ್ಟು ದೂರ ಸರಿದು ನಿಂತಳೆಂದು ಅವನಿಗೆ ತಿಳಿಯಿತು. ಅವಳ ಮುಖ ಕಾಣುವುದಿಲ್ಲವಲ್ಲ, ಅಷ್ಟೇ ಪುಣ್ಯ ಎನ್ನಿಸಿತು. ಕುರುಡಾದ ಮೇಲೆ ಕಣ್ಣಿಲ್ಲದ್ದಕ್ಕೆ ಸಂತೋಷಪಟ್ಟದ್ದು ಅದೇ ಮೊದಲು; ಅದಕ್ಕೂ ನಾಚಿಕೆಯಾಯಿತು.

ತ್ರಿಪುರಸುಂದರಿ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ಪಾತ್ರೆ ತೊಳೆದಳು. “ಹಂಸಿನಿ, ಇನ್ಸುಲಿನ್ ಫ್ರಿಜ್ ಬಾಗಿಲಲ್ಲಿದೆ. ಊಟಕ್ಕೆ ಮೊದಲು ಕೊಡಬೇಕು, ಮರೀಬೇಡ. ಹುಳಿ ಮುಚ್ಚಿಟ್ಟಿದ್ದೀನಿ,” ಎಂದಳು.

“ಆಂಟಿ, ಐ ಆ್ಯಮ್ ಸೋ ಸಾರಿ. ನನಗೆ ಗೊತ್ತೇ ಇರ್ಲಿಲ್ಲ...”

“ನೀನ್ಯಾಕಮ್ಮಾ ಸಾರಿ ಹೇಳ್ತೀಯ?”

ಕೋಟಿನ ಜಿಪ್ಪು ಸರ್ರೆಂದಿತು. ತಪ್ಪಾಯ್ತು ಎನ್ನಬೇಕು. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಾಳೆ. ಅಮರೇಶ್ವರ ಎದ್ದುನಿಂತ, ಗಂಟಲು ಸರಿಮಾಡಿಕೊಂಡ.

“ಮಧ್ಯಾಹ್ನ ಊಟ ಯಾರು ಬಡಿಸ್ತಾರೆ?” ಎಂದುಬಿಟ್ಟ.

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವನಿಗೆ ನಂಬಲಾಗಲಿಲ್ಲ.

“ಮಗಳಿದ್ದಾಳಲ್ಲ ಸಾರ್,” ಎಂದಳು ಆಕೆ. ಬಾಗಿಲು ತೆರೆಯಿತು. ಹೊರಗಿನ ಚಳಿ ಒಂದಿಷ್ಟು ಒಳಗೆ ಬಂತು. ಬಾಗಿಲು ಮುಚ್ಚಿತು.

ಹಂಸಿನಿ ಇನ್ಸುಲಿನ್ ಕೊಟ್ಟಳು, ತಟ್ಟೆ ತಂದು ಮುಂದಿಟ್ಟಳು. ಅನ್ನ ಎಲ್ಲಿ, ಪಲ್ಯ ಎಲ್ಲಿ ಎಂದು ಹೇಳದೆ ಮೇಲೆ ಹೋದಳು. ಅವನು ತಡಕಾಡಿದ, ಬೆರಳು ಬಿಸಿ ಹುಳಿಯೊಳಗೆ ಅದ್ದಿತು. ಚುರ್ರೆಂದರೂ ಯಾರನ್ನೂ ಕರೆಯಲಿಲ್ಲ.

ಮರುದಿನ ಎಂಟೂವರೆಗೆ ಬೀದಿಯಲ್ಲಿ ಕಾರೊಂದು ನಿಂತಿತು. ಅದು ಪಕ್ಕದ ಮನೆಯವರದು. ಶುಕ್ರವಾರ ಏಜೆನ್ಸಿಯವರು ಫೋನ್ ಮಾಡಿ, ಬೇರೆಯವರನ್ನು ಕಳಿಸುತ್ತೇವೆ, ಈ ಸಲ ಗಂಡಸು ಎಂದರು. ಯಾಕೆಂದು ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ತ್ರಿಪುರಸುಂದರಿ ಮತ್ತೆ ಆ ಮನೆಗೆ ಬರಲಿಲ್ಲ.