ಮೆಟ್ಟಿಲ ಬದಿಯ ಮೊಳೆ

ತುಕ್ಕಿನ ವಾಸನೆ, ಒಣಗಿದ ನಲ್ಲಿಯ ಬಾಯಿಂದ ಬರುವ ವಾಸನೆ, ನಾಲಿಗೆ ತಾಗಿಸಿದರೆ ಕಬ್ಬಿಣದ ಒಗರು — ಮುಂಬಲ್ಲು ಬಿದ್ದ ಹುಡುಗಿ ನಲ್ಲಿಗೆ ಬಾಯಿಟ್ಟು ಹೀರಿದ್ದಳು, ಅಮ್ಮ ರಟ್ಟೆ ಹಿಡಿದೆಳೆದು, ಬಿಡೇ, ಓನರಮ್ಮ ನೀರು ನಿಲ್ಸಿದಾರೆ, ನಾವು ಮನೆ ಬಿಡೋವರೆಗೂ ಬರಲ್ಲ ಅದು — ಈಗ ಆ ಹುಡುಗಿಗೆ ಪಿಂಚಣಿ ಬರುತ್ತದೆ, ಮನೆ ಅವಳದು, ನಲ್ಲಿ ಅವಳದು, ಆದರೂ ತಿರುಗಿಸಿದರೆ ಅದೇ ವಾಸನೆ, ಗೊರಗೊರ ಗಾಳಿ, ಒಂದು ಹನಿಯಿಲ್ಲ. ನಿನ್ನೆ ಸಣ್ಣಗಾದರೂ ಬರುತ್ತಿತ್ತು. ಕೆಳಗಿನವರದೇ ಕೆಲಸ, ಇನ್ಯಾರದು, ಆ ಟೇಲರ್‌ನದು, ಅವನ ಹೆಂಡತಿಯದು, ಬಾಡಿಗೆಗಿದ್ದೂ ಇದ್ದೂ ಮನೆ ತಮ್ಮದೇ ಅಂದುಕೊಂಡವರು, ಮೊನ್ನೆ ಅವಳು ಮನೆ ಕೊಂಡು ಮೇಲಿನ ಕೋಣೆಗೆ ಬಂದಿಳಿದಾಗ ಒಬ್ಬರೂ ಬನ್ನಿ ಅನ್ನಲಿಲ್ಲ, ಟೇಲರ್ ತಲೆ ಎತ್ತದೆ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದ, ಹೆಂಡತಿ ಗೋಡೆಗೆ ಹೇಳುವ ಹಾಗೆ, ಬಂದ್ರು ನೋಡಿ ಸಿಸ್ಟರಮ್ಮ, ಇನ್ನು ನಮಗೆಲ್ಲ ಇಂಜೆಕ್ಷನ್ನೇ — ಅವನ ಮುದಿ ತಾಯಿ ಮಾತ್ರ ತಾನು ಕೂತಿದ್ದ ಕುರ್ಚಿ ಸರಿಸಿ ಪೆಟ್ಟಿಗೆಗೆ ದಾರಿ ಬಿಟ್ಟಿದ್ದಳು, ಅದೇಕೆ ಈಗ ನೆನಪಾಗಬೇಕು, ಬೇಡ. ವರ್ಷಗಟ್ಟಲೆ ವಾರ್ಡ್ ಆಳಿದವಳಿಗೆ ಚಾರ್ಜ್ ತೆಗೆದುಕೊಳ್ಳುವುದು ಗೊತ್ತಿಲ್ಲವೇ, ಹೋದ ಕೂಡಲೇ ಕೀಲಿಗಳೆಲ್ಲ ಕೈಗೆ, ಕೈಯಿಂದ ಸೊಂಟಕ್ಕೆ, ಔಷಧದ ಬೀರುವಿನ ಕೀಲಿ ಬೀರುವಿನಲ್ಲೇ ಬಿಟ್ಟ ಹೊಸ ನರ್ಸುಗಳನ್ನು ಅಳಿಸಿದ್ದಾಳೆ ಅವಳು — ಇಲ್ಲೂ ಬಂದ ದಿನವೇ ಕಿಟಕಿಯ ಮೇಲಿದ್ದದ್ದು, ಕದದ ಹಿಂದಿದ್ದದ್ದು, ಮೆಟ್ಟಿಲ ಬದಿಯ ಮೊಳೆಗೆ ನೇತಾಡುತ್ತಿದ್ದದ್ದು, ಎಲ್ಲ ಒಂದೇ ಗೊಂಚಲಿಗೆ, ಯಾವುದು ಯಾವ ಬೀಗದ್ದು ಆಮೇಲೆ ನೋಡಿದರಾಯಿತು. ಬರಿದಾದ ಮೊಳೆಯನ್ನು ಟೇಲರ್‌ನ ಹೆಂಡತಿ ನೋಡಿದಳು, ಸೊಂಟದ ಗೊಂಚಲು ನೋಡಿದಳು, ಒಳಗೆ ಹೋದಳು. ನೋಡಲಿ.

ಬೆಳಿಗ್ಗೆಯಿಂದ ಕೆಳಗೆ ಕೊಡಗಳ ಸದ್ದು, ಬೇಕಂತಲೇ ಕುಕ್ಕುತ್ತಾರೆ, ಅವಳ ಕಾಲು ಹಿಡೀಬೇಕಾ ನಾನು, ಬೀದಿ ನಲ್ಲಿ ಇನ್ನೂ ಸತ್ತಿಲ್ಲ ಕಣೇ — ಟೇಲರ್‌ನ ದನಿ, ಮೇಲಕ್ಕೆ ಕೇಳಲಿ ಅಂತಲೇ. ನಾಟಕ, ಮೇಲಿನವಳ ನೀರು ಕಟ್ಟಿ ತಾವು ಬೀದಿಯಿಂದ ಹೊರುವ ನಾಟಕ, ಬೇಸತ್ತು ಓಡಿಹೋಗಲಿ ಅಂತ. ಓಡುವವರು ಯಾರು ಅಂತ ಇವತ್ತೇ ಗೊತ್ತಾಗುತ್ತದೆ, ತಿಂಗಳ ಕೊನೆಗೆ ಖಾಲಿ ಮಾಡಿ, ಅಷ್ಟೇ, ಮಾತು ಹಲ್ಲಿನ ಹಿಂದೆ ತಯಾರಾಗಿ ನಿಂತಿದೆ, ಖಾಲಿ ಮಾಡಿ, ಮೆಟ್ಟಿಲಿಳಿಯುತ್ತಿದ್ದಾಳೆ, ಖಾಲಿ ಮಾಡಿ, ಸೊಂಟದಲ್ಲಿ ಗೊಂಚಲು ಝಲ್ ಝಲ್. ನನ್ನ ನೀರು ಯಾಕ್ರೀ ನಿಲ್ಸಿದ್ರಿ? ಟೇಲರ್ ಕತ್ತರಿ ಕೆಳಗಿಟ್ಟ. ನಾವಾ? ಆಹಾ, ಮೋಟಾರ್ ಕೋಣೆ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡು ನಮ್ಮನ್ನೇ ಕೇಳ್ತೀರಾ, ಹಳೆ ಓನರ್ ಕಾಲದಿಂದ ಇವಳೇ ಎದ್ದು ಆ ಮೊಳೆಯಿಂದ ಕೀಲಿ ತಗೊಂಡು ಮೋಟಾರ್ ಹಾಕ್ತಿದ್ದಿದ್ದು, ನಿಮ್ಮ ನಲ್ಲಿಗೂ ಅದೇ ಟ್ಯಾಂಕು, ನಮ್ಮನ್ನ ಮನೆಯಿಂದ ಎಬ್ಬಿಸ್ಬೇಕಿದ್ರೆ ಬಾಯಲ್ಲಿ ಹೇಳಿ, ಮುದುಕಿ ಇರೋ ಮನೆಗೆ ನೀರು ನಿಲ್ಸೋದಾ, ಥೂ — ಓನರಮ್ಮ ನೀರು ನಿಲ್ಸಿದಾರೆ, ಬಿಡೇ, ಬರಲ್ಲ ಅದು, ರಟ್ಟೆಯ ಮೇಲೆ ಅಮ್ಮನ ಬೆರಳು, ನಾಲಿಗೆಯ ಮೇಲೆ ತುಕ್ಕು, ತಯಾರಾಗಿ ನಿಂತಿದ್ದ ಮಾತು ಎಲ್ಲಿ ಹೋಯಿತು, ಕೀಲಿ, ಕೀಲಿ ಕೊಡಬೇಕು ಮೊದಲು, ಕೈ ಸೊಂಟಕ್ಕೆ ಹೋಗುವಷ್ಟರಲ್ಲಿ ಮುದುಕಿ ಎದ್ದಿದ್ದಾಳೆ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಗೋಡೆ ಹಿಡಿದು ಬರುತ್ತಿದ್ದಾಳೆ, ಅತ್ತೇ, ಅವರಿಗ್ಯಾಕೆ, ಅವರಿಗೇನು ಕಮ್ಮಿ, ಸೊಸೆಯ ದನಿ, ಮುದುಕಿ ಕೇಳಿಸಿಕೊಂಡರೆ ತಾನೇ, ತಟ್ಟೆಯ ಮೇಲೊಂದು ತಟ್ಟೆ ಮುಚ್ಚಿದ್ದನ್ನು ಕೀಲಿ ತೆಗೆಯಹೊರಟವಳ ಎರಡೂ ಕೈಗೆ ಇಟ್ಟುಬಿಟ್ಟಳು, ಬಿಸಿ, ಅನ್ನದ ಬಿಸಿ, ಬೀದಿಯಿಂದ ಹೊತ್ತ ನೀರಿನಲ್ಲಿ ಬೆಂದದ್ದು, ಕೀಲಿ ಸೊಂಟಕ್ಕೆ ಒತ್ತುತ್ತಿದೆ, ತೆಗೆಯಲು ಕೈಯಿಲ್ಲ, ಎದುರಿಗೆ ಮೊಳೆ, ಅದರ ಕೆಳಗೆ ಕೀಲಿ ತೂಗಿ ತೂಗಿ ಸುಣ್ಣದ ಗೋಡೆಯಲ್ಲಿ ಕೊರೆದ ತುಕ್ಕಿನ ಗೆರೆ, ಮೊಳೆ, ಬರಿಯ ಮೊಳೆ